ಎರಡು ಕಾರ್ಡಿಗೆ ಎರಡು ಕೆಲಸ: ಬಾಯಿಂಕ್‌ನಲ್ಲಿ ಜಿಪಿಯು ಹಂಚೋದು

ನಮ್ಮ ರೂಮಿನ ಪಿಸಿಯಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇವೆ. ಒಂದು 6 ಜಿಬಿಯ ಜಿಟಿಎಕ್ಸ್ 1060, ಮೂವರೂ ದುಡ್ಡು ಸೇರಿಸಿ ತಗೊಂಡ ಸೆಕೆಂಡ್ ಹ್ಯಾಂಡ್ ಮಾಲು. ಇನ್ನೊಂದು ಹಳೇ ಪಿಸಿಯಿಂದ ಕಿತ್ತ 2 ಜಿಬಿಯ ಜಿಟಿ 1030. ಗೇಮ್ ಆಡದಿರುವಾಗ ಇವು ವಿಜ್ಞಾನಕ್ಕಾದರೂ ದುಡಿಯಲಿ ಅಂತ ಬಾಯಿಂಕ್ ಹಾಕಿದೆವು.

ಬಾಯಿಂಕ್ ಅಂದ್ರೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ಸಾಫ್ಟ್‌ವೇರ್. ದೊಡ್ಡ ಲೆಕ್ಕವನ್ನು ಚೂರು ಮಾಡಿ ಜನರ ಕಂಪ್ಯೂಟರುಗಳಿಗೆ ಹಂಚುತ್ತದೆ. ಒಂದೊಂದು ಚೂರೂ ಒಂದು ಟಾಸ್ಕ್, ಅದಕ್ಕೆ ಡೆಡ್‌ಲೈನ್ ಬೇರೆ (ಅಸೈನ್‌ಮೆಂಟ್ ತರಹವೇ!). ನಾವು ಎರಡು ಪ್ರಾಜೆಕ್ಟ್ ಸೇರಿದೆವು. ಐನ್‌ಸ್ಟೈನ್ ಅಟ್ ಹೋಮ್ ಪಲ್ಸಾರ್‌ಗಳನ್ನೂ ಗುರುತ್ವ ಅಲೆಗಳನ್ನೂ ಹುಡುಕುತ್ತದೆ. 2010ರಲ್ಲಿ ಅರೆಸಿಬೋ ದೂರದರ್ಶಕದ ಡೇಟಾದಲ್ಲಿ ಒಂದು ಹೊಸ ಪಲ್ಸಾರ್ ಸಿಕ್ಕಿದ್ದು ಹೀಗೆ ಮನೆಮನೆಯ ಕಂಪ್ಯೂಟರಿನಿಂದಲೇ. ಪ್ರೈಮ್‌ಗ್ರಿಡ್ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತದೆ.

ಮೊದಲ ದಿನ 1030 ಕೆಲಸವನ್ನೇ ಮಾಡ್ಲಿಲ್ಲ. ನಾವಾಗಿ ಹೇಳದಿದ್ದರೆ ಬಾಯಿಂಕ್ ಇರೋದರಲ್ಲಿ ಶಕ್ತಿಶಾಲಿ ಕಾರ್ಡನ್ನು ಮಾತ್ರ ಬಳಸುತ್ತದೆ. ಅದರ ಡೇಟಾ ಫೋಲ್ಡರಿನಲ್ಲಿ ಸಿಸಿ_ಕಾನ್ಫಿಗ್ ಅನ್ನೋ ಎಕ್ಸ್‌ಎಂಎಲ್ ಫೈಲ್ ಮಾಡಿ, ಆಪ್ಷನ್ಸ್ ಟ್ಯಾಗಿನ ಒಳಗೆ ಯೂಸ್_ಆಲ್_ಜಿಪಿಯೂಸ್‌ಗೆ 1 ಕೊಟ್ಟೆವು. (ಫೈಲಿನಲ್ಲಿ ಇವನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೀಬೇಕು.) ಎರಡೂ ಕಾರ್ಡ್ ಓಡಿದವು, ಆದರೆ 1030ಕ್ಕೆ ಬಿದ್ದ ಐನ್‌ಸ್ಟೈನ್ ಟಾಸ್ಕ್‌ಗಳು ಮೆಮೊರಿ ಸಾಲದೆ ಎರರ್ ಆದವು.

ಪ್ರಾಜೆಕ್ಟಿನ ವೆಬ್‌ಸೈಟಿನಲ್ಲಿ ಇದಕ್ಕೆ ಸೆಟ್ಟಿಂಗ್ ಹುಡುಕಿದೆವು. ಅಲ್ಲಿ ಎನ್‌ವಿಡಿಯಾ ಬೇಕೋ ಬೇಡವೋ ಅಂತ ಹೇಳಬಹುದು ಅಷ್ಟೇ, ಯಾವ ಕಾರ್ಡು ಅಂತ ಹೇಳೋಕಾಗಲ್ಲ. ಕಾರ್ಡ್ ಆರಿಸೋದು ಅದೇ ಫೈಲಿನ ಎಕ್ಸ್‌ಕ್ಲೂಡ್_ಜಿಪಿಯು ಟ್ಯಾಗಿನಲ್ಲಿ. ಇಲ್ಲೇ ತಲೆ ಉಲ್ಟಾ ಓಡಿಸಬೇಕು: "ಈ ಕಾರ್ಡಿಗೆ ಈ ಪ್ರಾಜೆಕ್ಟ್ ಕೊಡು" ಅಂತ ಬರೆಯೋ ಟ್ಯಾಗ್ ಇಲ್ಲ, "ಕೊಡಬೇಡ" ಅನ್ನೋದು ಮಾತ್ರ ಇದೆ. ಐನ್‌ಸ್ಟೈನ್‌ಗೆ 1060 ಬೇಕಾದರೆ ಅದಕ್ಕೆ 1030 ಬೇಡ ಅನ್ನಬೇಕು; ಪ್ರೈಮ್‌ಗ್ರಿಡ್‌ಗೆ 1060 ಬೇಡ ಅನ್ನಬೇಕು. ಅಂದ್ರೆ ಎರಡು ಟ್ಯಾಗ್. ಒಂದೊಂದರಲ್ಲೂ ಪ್ರಾಜೆಕ್ಟಿನ ಯುಆರ್‌ಎಲ್ ಮತ್ತು ಡಿವೈಸ್_ನಮ್. ಎಎಂಡಿ ಒಂದು, ಎನ್‌ವಿಡಿಯಾ ಒಂದು ಇದ್ದರೆ ಟೈಪ್ ಕೂಡ ಕೊಡಲೇಬೇಕು.

ನಾವು ಎಡವಿದ್ದು ನಂಬರಿನಲ್ಲಿ. ಎನ್‌ವಿಡಿಯಾ-ಎಸ್‌ಎಂಐ ತೋರಿಸಿದ 0, 1 ನೋಡಿ ಹಾಗೇ ಬರೆದು ಮಲಗಿದೆವು. ಆ ಟೂಲ್ ಕಾರ್ಡುಗಳನ್ನು ಸ್ಲಾಟಿನ ಕ್ರಮದಲ್ಲಿ ಎಣಿಸುತ್ತದೆ. ಕುಡಾದ ಎಣಿಕೆಯಲ್ಲಿ ಸಾಮಾನ್ಯವಾಗಿ ವೇಗದ ಕಾರ್ಡೇ 0. ಬೆಳಿಗ್ಗೆ ನೋಡಿದರೆ ಐನ್‌ಸ್ಟೈನ್ ಪೂರ್ತಿ 1030 ಮೇಲೆ, ಸಾಲುಸಾಲು ಎರರ್. ಕೆಟ್ಟ ಟಾಸ್ಕನ್ನು ಪ್ರಾಜೆಕ್ಟ್ ಇನ್ಯಾರಿಗೋ ಮತ್ತೆ ಕಳಿಸಬೇಕು, ಎರರ್ ಜಾಸ್ತಿಯಾದಷ್ಟು ನಮ್ಮ ದಿನದ ಕೋಟಾನೂ ಇಳಿಯುತ್ತದೆ. ಸಹಾಯ ಮಾಡೋಕೆ ಹೋಗಿ ಕೆಲಸ ಹೆಚ್ಚಿಸಿ ಬಂದಿದ್ದೆವು.

ಆದ್ದರಿಂದ ನಂಬರನ್ನು ಬಾಯಿಂಕ್‌ನ ಈವೆಂಟ್ ಲಾಗಿನಿಂದಲೇ ತಗೊಳ್ಳಿ. ಶುರುವಿನ ಸಾಲುಗಳಲ್ಲೇ ಯಾವ ಜಿಪಿಯು ಎಷ್ಟನೇದು ಅಂತ ಇರುತ್ತದೆ. ಯುಆರ್‌ಎಲ್ ಕೂಡ ಬಾಯಿಂಕ್ ತೋರಿಸಿದಂತೆಯೇ ಇರಲಿ. ಫೈಲ್ ಬದಲಿಸಿದ ಮೇಲೆ ಕ್ಲೈಂಟ್ ರೀಸ್ಟಾರ್ಟ್ ಮಾಡಲೇಬೇಕು, ಬರೀ "ರೀಡ್ ಕಾನ್ಫಿಗ್" ಒತ್ತಿದರೆ ಸಾಲದು.

ಕರೆಂಟಿನ ವಿಷಯ: 1060 ಗರಿಷ್ಠ 120 ವಾಟ್, 1030 ಬರೀ 30. ರಾತ್ರಿ ಹತ್ತು ಗಂಟೆ ಎರಡೂ ಪೂರ್ತಿ ಓಡಿದರೆ ಕಾರ್ಡುಗಳಿಗೇ ಒಂದೂವರೆ ಯೂನಿಟ್. ಬಿಲ್ ಮೂರು ಪಾಲಾಗೋದರಿಂದ ಸದ್ಯಕ್ಕೆ ಯಾರೂ ಜಗಳ ತೆಗೆದಿಲ್ಲ.