ಹೆಗಲೇರಿದ ಟಾರ್ಗೆಟ್

ಪ್ರೀತಿಯ ಮಗಾ,

ಕುರ್ಚಿ ಬದಲಿಸಿದೆ, ದಿಂಬು ಬದಲಿಸಿದೆ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಹಾಗಾದರೆ ಈ ಕುತ್ತಿಗೆ ನೋವು ನನ್ನ ಭ್ರಮೆಯಾ ಎಂದು ಕೇಳಿದ್ದಿ. ಭ್ರಮೆಯಲ್ಲ, ನೋವು ನಿಜ. ಆದರೆ ಅದರ ಬೇರು ಕುರ್ಚಿಯಲ್ಲಿ ಮಾತ್ರ ಇಲ್ಲ.

ನಮ್ಮೂರಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನೋಡಿದ್ದಿಯಲ್ಲ? ಮಡಿಲಲ್ಲಿ ಗೆರಸೆ, ತಗ್ಗಿಸಿದ ತಲೆ, ಎಲೆ ಸುರುಳಿ ಸುತ್ತಿ ನೂಲು ಬಿಗಿಯುವ ಬೆರಳು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೂರುವ ಭಂಗಿ ದಿನವೂ ಒಂದೇ. ಆದರೂ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹಿಂದಿನ ರಾತ್ರಿ ಎಣ್ಣೆ ಬಿಸಿ ಮಾಡಿ ಹೆಗಲಿಗೆ ತಿಕ್ಕಿಕೊಳ್ಳುತ್ತಿದ್ದರು. ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು; ಕಟ್ಟಿದ್ದನ್ನು ಸರಿಯಿಲ್ಲವೆಂದು ಬದಿಗೆ ಹಾಕಿದರೆ ಕೇಳುವಂತಿಲ್ಲ. ದುಡಿಮೆ ತಮ್ಮದು, ತೀರ್ಮಾನ ಇನ್ನೊಬ್ಬರದು. ಹೊರೆ ಹೆಚ್ಚಿದ್ದು ಹಿಡಿತ ಕಡಿಮೆಯಿರುವ ಕೆಲಸವೇ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಬರೆದದ್ದು ಇವರಿಗೆ ಹೊಸದೇನಲ್ಲ.

ಆತಂಕವಾದಾಗ ಹೆಗಲು ತಾನಾಗಿ ಮೇಲೇಳುತ್ತದೆ. ಅಲ್ಲಿನ ಕೆಲವು ಸಣ್ಣ ಸ್ನಾಯು ಎಳೆಗಳು ಮನೆಯ ಹಿರಿಸೊಸೆಯ ಹಾಗೆ, ಎಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗುತ್ತವೆ. ಕೈ ಕೀಬೋರ್ಡ್ ಬಿಟ್ಟರೂ ಮನಸ್ಸು ಬಿಡದಿದ್ದರೆ ಅವಕ್ಕೆ ಬಿಡುವಿಲ್ಲ. 1991ರಲ್ಲಿ ಸ್ವೀಡನ್ನಿನ ಸಂಶೋಧಕ ಗೋರಾನ್ ಹೆಗ್ ಮುಂದಿಟ್ಟ ಈ ವಾದ ಪೂರ್ತಿ ಸಾಬೀತಾಗಿಲ್ಲ; ನನಗಂತೂ ಒಪ್ಪಿಗೆ. ಅದೇ ವರ್ಷ ಪ್ರಕಟವಾದ, ಬೋಯಿಂಗ್ ವಿಮಾನ ಕಾರ್ಖಾನೆಯ 3,000ಕ್ಕೂ ಹೆಚ್ಚು ಕೆಲಸಗಾರರ ಅಧ್ಯಯನದಲ್ಲಿ ಕೆಲಸದಲ್ಲಿ ಖುಷಿ ಸಿಗುವುದೇ ಅಪರೂಪ ಎಂದವರಿಂದ, ಹೆಚ್ಚುಕಡಿಮೆ ಯಾವಾಗಲೂ ಖುಷಿಯಿದೆ ಎಂದವರಿಗಿಂತ ಎರಡೂವರೆ ಪಟ್ಟು ಬೆನ್ನುನೋವಿನ ದೂರು ಬಂದಿತ್ತು. ನಿದ್ದೆಗೆಟ್ಟರಂತೂ ಸಣ್ಣ ನೋವೂ ದೊಡ್ಡದಾಗುತ್ತದೆ.

ಕೆನರಾ, ಕಾರ್ಪೊರೇಷನ್, ಕರ್ನಾಟಕ, ವಿಜಯಾ ಬ್ಯಾಂಕುಗಳನ್ನು ಹುಟ್ಟಿಸಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು. ಕೌಂಟರಿನಲ್ಲೇ ತಲೆ ನರೆಸಿಕೊಂಡವಳು ನಾನು. ಹಾಫ್ ಇಯರ್ಲಿ ಕ್ಲೋಸಿಂಗ್ ಎಂದರೆ ಹೊರೆಹೊರೆ ಲೆಡ್ಜರ್, ಬೆನ್ನು ಮುರಿದು ಹೋಗುತ್ತಿತ್ತು. ಆದರೆ ಟ್ಯಾಲಿಯಾದರೆ ಮುಗಿಯಿತು, ಮನೆಗೆ ಹೋಗಿ ಗಂಜಿ ಉಂಡು ಮಲಗಬಹುದಿತ್ತು. ಈಗ ಅದೇ ಬ್ಯಾಂಕ್ ಕೆಲಸದಲ್ಲಿ ನಿನಗೆ ರಾತ್ರಿ ಹತ್ತಕ್ಕೂ ವಾಟ್ಸಾಪ್ ಗ್ರೂಪಿನಲ್ಲಿ "ಇವತ್ತು ಎಷ್ಟು ಪಾಲಿಸಿ?" ಎಂದು ಕೇಳುತ್ತಾರೆ.

ಅರ್ಧ ಗಂಟೆಗೊಮ್ಮೆ ಏಳು, ಹೆಗಲು ಇಳಿಬಿಡು. ಸಂಜೆ ಕದ್ರಿ ಪಾರ್ಕಿನಲ್ಲಿ ನಡೆ. ನೋವಿನ ಮಾತ್ರೆಯನ್ನು ನೀನೇ ಮೆಡಿಕಲ್ಲಿನಿಂದ ತಂದು ತಿಂಗಳುಗಟ್ಟಲೆ ನುಂಗಬೇಡ, ಹೊಟ್ಟೆ, ಕಿಡ್ನಿ ಕೆಡುತ್ತವೆ. ಕೈ ಜೋಮು ಹಿಡಿದರೆ, ಹಿಡಿತ ಸಡಿಲಾದರೆ, ಜ್ವರ ಬಂದರೆ, ಬೆಳಿಗ್ಗೆ ಗಂಟುಗಳು ಬಹಳ ಹೊತ್ತು ಬಿಗಿದೇ ಇದ್ದರೆ ಒತ್ತಡವೆಂದು ಸುಮ್ಮನಿರದೆ ಡಾಕ್ಟರಲ್ಲಿಗೆ ಹೋಗು.

ಇನ್ನು ಮ್ಯಾನೇಜರರ ವಿಷಯ. ನೋವಿನ ಕತೆಯಿಂದ ಶುರು ಮಾಡಿದರೆ "ಎರಡು ದಿನ ರಜೆ ತಗೊಳ್ಳಿ" ಎಂದು ಕೈತೊಳೆದುಕೊಳ್ಳುತ್ತಾರೆ. ಅದರ ಬದಲು ಬಾಕಿ ಕೆಲಸದ ಪಟ್ಟಿ ಹಿಡಿದು ಹೋಗು. ಸಾಲದ ಫೈಲೋ, ಪಾಲಿಸಿಯೋ, ಇವತ್ತು ಯಾವುದು ಮೊದಲು, ಯಾವುದು ನಾಳೆಗೆ ಎಂಬುದನ್ನು ಅವರ ಬಾಯಿಂದಲೇ ಹೇಳಿಸು. ಆಮೇಲೆ ಅದನ್ನೇ ಒಂದು ಮೇಲ್ ಮಾಡಿ ಕಳಿಸಿಡು.

ನಿನ್ನ ದೊಡ್ಡಮ್ಮ