ಕೀ ಕೊಟ್ಟವರ ಹೊಣೆ

ಕೊಯಮತ್ತೂರಿನಿಂದ ಸತ್ಯಮಂಗಲ, ದಿಂಬಂ ಘಾಟಿ ದಾಟಿ ಚಾಮರಾಜನಗರಕ್ಕೆ ಬರುವ 948ನೇ ರಾಷ್ಟ್ರೀಯ ಹೆದ್ದಾರಿ ಅನ್ನೂರಿನ ಮೂಲಕವೇ ಹಾದುಹೋಗುತ್ತದೆ. ಅವಿನಾಶಿ–ಮೇಟ್ಟುಪಾಳಯಂ ರಸ್ತೆಯೂ ಇಲ್ಲೇ ಸೇರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಬೇಸಾಯದ ಮನೆಯಲ್ಲಿ ಒಂದು ಟಿವಿಎಸ್ ಎಕ್ಸೆಲ್ ಇದ್ದೇ ಇರುತ್ತದೆ. ಹುಲ್ಲಿನ ಹೊರೆ, ಹಾಲಿನ ಕ್ಯಾನು ಎಲ್ಲಕ್ಕೂ ಅದೇ. ಹುಡುಗ ತೋಟದ ದಾರಿಯಲ್ಲಿ ಅದನ್ನು ಓಡಿಸಲು ಕಲಿಯುತ್ತಾನೆ. ಒಂದು ದಿನ ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾನೆ.

'ಸಣ್ಣ ಗಾಡಿ, ಲೈಸೆನ್ಸ್ ಬೇಕಿಲ್ಲ' ಎಂಬ ನಂಬಿಕೆ ತಪ್ಪು. 16 ತುಂಬಿದವರಿಗೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ದ್ವಿಚಕ್ರಕ್ಕೆ ಮಾತ್ರ. ಎಕ್ಸೆಲ್ 100ರ ಎಂಜಿನ್ ಸುಮಾರು 100 ಸಿಸಿ, ಅದಕ್ಕೆ 18 ತುಂಬಲೇಬೇಕು. ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಗಾಡಿಯೆಂದರೆ ಗಂಟೆಗೆ 25 ಕಿಲೋಮೀಟರ್ ಮೀರದ, ಕಡಿಮೆ ಶಕ್ತಿಯದು ಮಾತ್ರ. ಕೊಳ್ಳುವ ಮುನ್ನ ಕಾಗದ ನೋಡಿ.

18 ತುಂಬಿ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಕೈಗೆ ಬಂದ ಮಾತ್ರಕ್ಕೆ ಗೆಳೆಯರನ್ನು ಕೂರಿಸಿಕೊಳ್ಳಬಹುದೆಂದು ಬಹಳ ಮಕ್ಕಳು ತಿಳಿದಿದ್ದಾರೆ. ಆಗದು. ಕಲಿಯುವವನ ಬೈಕಿನ ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ, ಕಲಿಸುವವರು ಮಾತ್ರ. ಪೂರ್ಣ ಲೈಸೆನ್ಸ್ ಬಂದ ಮೇಲೂ ಹಿಂದೆ ಒಬ್ಬರೇ, ಇಬ್ಬರಿಗೂ ಹೆಲ್ಮೆಟ್. ಮೂವರು ಕೂತರೆ 1000 ರೂಪಾಯಿ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹ.

ಅಪ್ಪ–ಅಮ್ಮಂದಿರು ಗಟ್ಟಿಯಾಗಿ ತಿಳಿಯಬೇಕಾದದ್ದು ಮೋಟಾರು ವಾಹನ ಕಾಯಿದೆಯ 199ಎ ಕಲಮು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಇದರಂತೆ, 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಒಪ್ಪಿಗೆ ಇತ್ತೆಂದೇ ನ್ಯಾಯಾಲಯ ಭಾವಿಸುತ್ತದೆ; ತಿಳಿಯದೆ ಆಯಿತು, ತಡೆಯಲು ಯತ್ನಿಸಿದ್ದೆ ಎಂದು ಸಾಬೀತು ಮಾಡುವುದು ನಿಮ್ಮ ಕೆಲಸ. ಕೀಯನ್ನು ಮೊಳೆಗೆ ನೇತುಹಾಕಿ 'ಗೊತ್ತಿರಲಿಲ್ಲ' ಎನ್ನುವುದು ಕಷ್ಟ. ನನಗೆ ಹೆಚ್ಚು ನೋವಾಗುವುದು ಇನ್ನೊಂದಕ್ಕೆ: ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತಿರುಪ್ಪೂರಿನಲ್ಲಿ ಗಾಡಿ ಓಡಿಸಿ ದುಡಿಯಬೇಕಾದ ಹುಡುಗನಿಗೆ ಅದು ಹಲವು ವರ್ಷದ ಸಂಬಳ.

ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ, ವಿಮಾ ಕಂಪನಿ ಅವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು. ತೋಟ ಮಾರುವ ಮಟ್ಟಕ್ಕೂ ಹೋಗಬಹುದಾದ ಮೊತ್ತವದು.

ಪೊಲೀಸರು ಹಿಡಿದ ಅಪ್ರಾಪ್ತನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪೋಷಕರಿಗೆ ತಿಳಿಸಿ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ; 15100ಕ್ಕೆ ಕರೆ ಮಾಡಿ.

ಗಾಯಗೊಂಡವರಿಗಾಗಿ ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಶುರು ಮಾಡಿದ 'ಇನ್ನುಯಿರ್ ಕಾಪ್ಪೋಂ' ಯೋಜನೆಯಡಿ, ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಯ ಚಿಕಿತ್ಸೆ ಉಚಿತ. ಹಿಂದೆ ಕೂತು ಪೆಟ್ಟು ತಿಂದ ಹುಡುಗನ ಪರವಾಗಿ ಅವನ ತಂದೆ–ತಾಯಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು; ಆರು ತಿಂಗಳೊಳಗೆ ಹಾಕಿ. ಎಫ್‌ಐಆರ್, ಆಸ್ಪತ್ರೆಯ ಚೀಟಿಗಳನ್ನು ಎಸೆಯಬೇಡಿ.

ಬಿದ್ದ ಗೆಳೆಯನನ್ನು ಬಿಟ್ಟು ಮಕ್ಕಳು ಹೆದರಿ ಓಡುವುದುಂಟು. ದಾರಿಯಲ್ಲಿ ಕಂಡು ನೆರವಾದವರನ್ನು ಹೆಸರು ಹೇಳೆಂದು ಪೊಲೀಸರು ಬಲವಂತ ಮಾಡುವಂತಿಲ್ಲ ಎಂದು 134ಎ ಕಲಮಿನಡಿ ಮಾಡಿದ ನಿಯಮಗಳು ಹೇಳುತ್ತವೆ. ಓಡಿಸುತ್ತಿದ್ದವನಿಗಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಕಾನೂನಿನ ಕರ್ತವ್ಯ. ಇಬ್ಬರೂ ಮೊದಲು ಒತ್ತಬೇಕಾದ ಸಂಖ್ಯೆ 108.