ಲಾರಿಯ ಕಾಯಕ ಮತ್ತು ಲಕ್ಕಮ್ಮನವರ ಅಳತೆ

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಕೇಳದ ಭಕ್ತರ ಮನೆ ಇರಲಾರದು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದೊಳಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ಶರಣದಂಪತಿಗಳ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಮಿಗಿಲಾಗಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿಯು ಕದ್ದುದಲ್ಲ, ಆದರೂ ಬೇಡವಾಯಿತು. ಕಾಯಕವು ತನ್ನ ಮಿತಿಯನ್ನು ಮೀರಿದೊಡನೆ ಆಸೆಯಾಗುತ್ತದೆಂಬುದು ಆ ತಾಯಿಯ ನಿಲುವು.

ಈ ಅಳತೆಯು ಇಂದು ಲಾರಿಯ ಕಾಯಕಕ್ಕೆ ಬಹಳವಾಗಿ ಬೇಕಾಗಿದೆ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ಮೇಲೆ ಮುಂಬಯಿಗೆ ಸಾಗುವ ಹೆದ್ದಾರಿಯು ಸುಮಾರು 1000 ಕಿಲೋಮೀಟರು. ಈರುಳ್ಳಿಯೋ ದ್ರಾಕ್ಷಿಯೋ ಕೆಡುವ ಮೊದಲೇ ತಲುಪಬೇಕು. ಬೇಗ ಮರಳಿದರೆ ಇನ್ನೊಂದು ಬಾಡಿಗೆ ದೊರೆಯುವುದು. ಆ ಇನ್ನೊಂದು ಬಾಡಿಗೆಯೇ ಹೆಚ್ಚಿನ ಅಕ್ಕಿ. ಚಾಲಕನು ಅದಕ್ಕೆ ತನ್ನ ನಿದ್ದೆಯನ್ನು ತೆರುತ್ತಾನೆ.

ನಿದ್ದೆಯು ಛಲದಿಂದ ಗೆಲ್ಲತಕ್ಕ ವಸ್ತುವಲ್ಲ. ರಾತ್ರಿ 2ರಿಂದ ಬೆಳಗಿನ 6 ಗಂಟೆಯವರೆಗೆ ಶರೀರವು ತಾನಾಗಿಯೇ ಮಂಕಾಗುವುದು. ಕಣ್ಣು ತೆರೆದಿದ್ದರೂ ಮನಸ್ಸು ಕ್ಷಣಕಾಲ ಜಾರುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು 3 ಸೆಕೆಂಡುಗಳಲ್ಲಿ 50 ಮೀಟರು ದೂರ ಓಡಿರುತ್ತದೆ. ಅಷ್ಟು ದೂರವೂ ಅದಕ್ಕೆ ಸಾರಥಿಯೇ ಇಲ್ಲ. ಚಹವು ಸ್ವಲ್ಪ ಹೊತ್ತು ಎಚ್ಚರ ಕೊಡಬಹುದು. ಗುಟ್ಕಾ, ತಂಬಾಕುಗಳು ಬಾಯಿಗೆ ಕ್ಯಾನ್ಸರನ್ನು ತರುವುವೇ ಹೊರತು ನಿದ್ದೆಯ ಸಾಲವನ್ನು ತೀರಿಸಲಾರವು. ತೂಕಡಿಕೆ ಬಂದೊಡನೆ ರಸ್ತೆಯ ಅಂಚನ್ನು ಬಿಟ್ಟು, ಪೆಟ್ರೋಲು ಬಂಕಿನಂತಹ ಬೆಳಕಿನ ತಾಣದಲ್ಲಿ ಲಾರಿಯನ್ನು ನಿಲ್ಲಿಸಿ 20 ನಿಮಿಷ ಮಲಗುವುದು ಮೊದಲ ಉಪಾಯ. ಆ ಬಳಿಕ 7 ಗಂಟೆಗಳ ಪೂರ್ಣ ನಿದ್ದೆಯು ಬೇಕೇ ಬೇಕು. ಮೋಟಾರು ಸಾರಿಗೆ ಕೆಲಸಗಾರರಿಗಾಗಿ 1961ರಲ್ಲಿ ಬಂದ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯೆಂದು ಮಿತಿ ಹಾಕಿತ್ತು. ಕಾಯಿದೆಯು ಕಾಗದದ ಮೇಲಿತ್ತು, ಲಾರಿಯು ರಸ್ತೆಯ ಮೇಲಿತ್ತು.

ಘಟ್ಟದ ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲಿಗೆ ತರುವುದೂ ಇದೇ ಬಗೆಯ ಆಸೆ. ಆಗ ಎಂಜಿನ್ನಿನ ತಡೆಯು ತಪ್ಪಿ ಭಾರವೆಲ್ಲ ಬ್ರೇಕುಗಳ ಮೇಲೆ ಬೀಳುವುದು. ಕಾದ ಬ್ರೇಕು ಹಿಡಿಯದು. ಏರುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಮಾತು. 2022ರ ನವೆಂಬರಿನಲ್ಲಿ ಇದೇ ಹೆದ್ದಾರಿಯ ಇಳಿಜಾರಿನಲ್ಲಿ, ಪುಣೆಯ ನವಲೆ ಸೇತುವೆಯ ಬಳಿ, ಒಂದು ಭಾರೀ ವಾಹನದಿಂದ ಹತ್ತಾರು ವಾಹನಗಳು ಜಖಂಗೊಂಡುವು. ಘಟ್ಟದಲ್ಲಿ ಉಳಿಸಿದ ಒಂದೆರಡು ಲೀಟರಿನ ಲೆಕ್ಕವು ಯಾರ ಮನೆಯನ್ನು ನಡೆಸೀತು?

ಬಸವಣ್ಣನವರು ಶರೀರವನ್ನು ಶಿವನ ಆಲಯವೆಂದು ಕಂಡರು. ಆಸನದಲ್ಲಿ ದಿನವೆಲ್ಲ ಕುಳಿತವನಿಗೆ ಬೆನ್ನುನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಮೆಲ್ಲನೆ ಬರುವುವು. ಮೂತ್ರಕ್ಕೆ ನಿಲ್ಲಿಸಬೇಕಾದೀತೆಂದು ನೀರನ್ನೇ ಕುಡಿಯದವನಿಗೆ ಮೂತ್ರಪಿಂಡದ ಕಲ್ಲು. ಢಾಬಾದ ಎಣ್ಣೆಯೂಟಕ್ಕಿಂತ ಮನೆಯಿಂದ ಕಟ್ಟಿಕೊಂಡ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳು ಎರಡು ದಿನ ಕೆಡದೆ ಬರುತ್ತವೆ. ವರ್ಷಕ್ಕೊಮ್ಮೆ ಕಣ್ಣು, ರಕ್ತಗಳ ಪರೀಕ್ಷೆಯೂ ಆಗತಕ್ಕದ್ದು. ಇಷ್ಟಲಿಂಗವನ್ನು ಧರಿಸಿದ ಚಾಲಕನಿಗೆ ಪ್ರಾತಃಕಾಲದ ಪೂಜೆಯೇ ಒಂದು ನಿಯಮದ ನಿಲುಗಡೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಅರ್ಧ ಗಂಟೆ ಲಿಂಗದೃಷ್ಟಿಯಲ್ಲಿ ಕುಳಿತರೆ ಬೆನ್ನಿಗೂ ಮನಸ್ಸಿಗೂ ವಿಶ್ರಾಂತಿ ದೊರೆಯುವುದು. ಆದರೆ ಪೂಜೆಯನ್ನು ನಿದ್ದೆಗೆ ಬದಲಾಗಿ ಎಣಿಸಲಾಗದು.

ಇಷ್ಟನ್ನೂ ಚಾಲಕನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮಾರಯ್ಯನವರನ್ನು ತಡೆದವರು ಮನೆಯಲ್ಲಿದ್ದವರು. ಟ್ರಿಪ್ಪಿಗಿಷ್ಟು ಎಂದು ಕೂಲಿ ಕಟ್ಟಿ, ಬೇಗ ಬಂದವನಿಗೆ ಇನಾಮು ಕೊಡುವ ಮಾಲೀಕರು ತಾವೇ ಹೆಚ್ಚಿನ ಅಕ್ಕಿಯನ್ನು ಅಂಗಳದಲ್ಲಿ ಚೆಲ್ಲಿದಂತೆ. ತಿಂಗಳ ಸಂಬಳವನ್ನು ಗೊತ್ತುಮಾಡಿ, ದೂರದ ಹಾದಿಗೆ ಇಬ್ಬರು ಚಾಲಕರನ್ನು ಕಳುಹಿಸುವ ಮಾಲೀಕರೂ ಉಂಟು. ಅವರ ಲಾಭವು ತುಸು ಕಡಿಮೆ. ಮನೆಯ ಹೆಂಗಸರು ಫೋನಿನಲ್ಲಿ ಎಲ್ಲಿಯವರೆಗೆ ಬಂದಿರಿ ಎಂದು ಕೇಳುವುದು ವಾಡಿಕೆ. ಲಾರಿಯು ನಿಂತಿದೆಯೇ ಎಂದು ಮೊದಲು ಕೇಳಿ, ಓಡುತ್ತಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ನಿಂತಿದ್ದರೆ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಎಂದು ವಿಚಾರಿಸಬೇಕು.